ಆಳದ ನದಿ, ನಿಧಾನದ ನೀರು: ಇಂಗ್ಲೆಂಡಿನ ಗ್ರೇಟ್ ಊಜ್‌ನಲ್ಲಿ ಗಾಳ ಹಾಕುವುದೆಂದರೆ ಏನು?

ಪ್ರತಿ ವರ್ಷ ಜೂನ್ 16ರಂದು ಇಂಗ್ಲೆಂಡಿನ ನದಿಗಳು ಗಾಳದವರಿಗೆ ಮತ್ತೆ ತೆರೆದುಕೊಳ್ಳುತ್ತವೆ. ಅದಕ್ಕೆ ಮುಂಚಿನ ಮೂರು ತಿಂಗಳು ಅಲ್ಲಿನ ನದಿ, ತೊರೆಗಳ ದಡದಲ್ಲಿ ಗಾಳ ಹಿಡಿದು ಕೂರುವಂತಿಲ್ಲ. ಕೇಂಬ್ರಿಜ್, ಈಲಿ, ಬೆಡ್‌ಫರ್ಡ್, ಮಿಲ್ಟನ್ ಕೀನ್ಸ್ ಮೊದಲಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಂದ ಗ್ರೇಟ್ ಊಜ್ ನದಿಯಾಗಲಿ ಅದರ ಉಪನದಿ ಕ್ಯಾಮ್ ಆಗಲಿ ಬಹಳ ದೂರವಿರುವುದಿಲ್ಲ. ಬೇಸಿಗೆ ಬಂದಾಗ ಮಕ್ಕಳು ಗಾಳ ಕೊಡಿಸೆಂದು ಹಟ ಹಿಡಿಯುತ್ತಾರೆ. ಊರಿನ ಕೆರೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದ ನೆನಪಿರುವ ದೊಡ್ಡವರು, ಒಂದು ಕೋಲು, ಒಂದಿಷ್ಟು ದಾರ, ಒಂದು ಕೊಕ್ಕೆ ಇದ್ದರೆ ಸಾಕಲ್ಲವೇ ಎಂದುಕೊಳ್ಳುತ್ತಾರೆ. ಅಲ್ಲಿನ ಕಾನೂನು ಅದಕ್ಕೆ ಒಪ್ಪುವುದಿಲ್ಲ. ನದಿಯೂ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ನಾಲ್ಕು ಮೀಟರ್ ಆಳವಿದ್ದು ಹರಿಯುವುದೇ ಕಾಣದಷ್ಟು ನಿಧಾನವಾದ ಆ ನೀರಿನಲ್ಲಿ ಮೀನು ಎಲ್ಲಿರುತ್ತದೆ, ಏಕೆ ಅಲ್ಲಿರುತ್ತದೆ, ಅದನ್ನು ತಲುಪುವುದು ಹೇಗೆ ಎಂಬುದನ್ನು ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಯಾವ ಮೀನುಗಳು?

ಬ್ರಿಟನ್ನಿನಲ್ಲಿ ಸಿಹಿನೀರಿನ ಮೀನುಗಾರಿಕೆಯನ್ನು ಎರಡಾಗಿ ವಿಂಗಡಿಸುವ ರೂಢಿ ಇದೆ. ಸಾಲ್ಮನ್ ಮತ್ತು ಟ್ರೌಟ್ ಮೀನುಗಳನ್ನು ಹಿಡಿಯುವುದು ‘ಗೇಮ್ ಫಿಶಿಂಗ್’. ಉಳಿದ ಸಿಹಿನೀರಿನ ಮೀನುಗಳನ್ನು ಗಾಳದಿಂದ ಹಿಡಿಯುವುದು ‘ಕೋರ್ಸ್ ಫಿಶಿಂಗ್’. ಎರಡನೆಯದು ಹೆಚ್ಚಾಗಿ ತಗ್ಗು ಪ್ರದೇಶದ ನದಿ, ಕಾಲುವೆ, ಕೆರೆಗಳಲ್ಲಿ ನಡೆಯುತ್ತದೆ. ಅಲ್ಲಿ ಹಿಡಿದ ಮೀನನ್ನು ಬಹುಪಾಲು ಜೀವಂತವಾಗಿ ನೀರಿಗೆ ಮರಳಿ ಬಿಡುತ್ತಾರೆ.

ಗ್ರೇಟ್ ಊಜ್‌ನ ಆಳದ ಭಾಗದಲ್ಲಿ ಮುಖ್ಯವಾಗಿ ಎರಡು ಮೀನುಗಳು ಗಾಳದವರ ಗಮನ ಸೆಳೆಯುತ್ತವೆ. ಒಂದು ರೋಚ್: ಬೆಳ್ಳಿಬಣ್ಣದ ಮೈ, ಕೆಂಪು ಕಣ್ಣು, ಕೆಂಪು ರೆಕ್ಕೆಗಳು, ಸಾಮಾನ್ಯವಾಗಿ ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಇನ್ನೊಂದು ಬ್ರೀಮ್: ಎತ್ತರದ ಬೆನ್ನು, ಚಪ್ಪಟೆ ಪಕ್ಕೆಗಳು, ಬೆಳೆದಾಗ ಕಂಚಿನ ಬಣ್ಣ, ಮೈತುಂಬ ದಪ್ಪನೆಯ ಲೋಳೆ. ಬ್ರೀಮ್ ಎರಡು ಮೂರು ಕಿಲೋ ತೂಗುವುದು ಇಲ್ಲಿ ಅಪರೂಪವಲ್ಲ, ಮತ್ತು ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಇವೆರಡೂ ಗೆಂಡೆಯ ಕುಟುಂಬಕ್ಕೆ ಸೇರಿದವು. ನಮ್ಮ ಕಾಟ್ಲಾ, ರೋಹು, ಕಾವೇರಿಯ ಮಹಶೀರ್ ಕೂಡ ಅದೇ ಕುಟುಂಬದವು. ಬೇಟೆಯಾಡುವ ಮೀನುಗಳಲ್ಲಿ ಪಟ್ಟೆಪಟ್ಟೆಯ ಪರ್ಚ್, ಉದ್ದ ದವಡೆಯ ಪೈಕ್ ಮತ್ತು ಜಾಂಡರ್ ಇವೆ. ಜಾಂಡರ್ ಇಲ್ಲಿನ ಮೂಲ ನಿವಾಸಿಯಲ್ಲ. ಯುರೋಪಿನ ಮುಖ್ಯ ಭೂಭಾಗಕ್ಕೆ ಸೇರಿದ ಈ ಮೀನನ್ನು 1963ರಲ್ಲಿ ಗ್ರೇಟ್ ಊಜ್‌ನ ಪ್ರವಾಹ ಪರಿಹಾರ ಕಾಲುವೆಗೆ ಬಿಡಲಾಯಿತು, ಅಲ್ಲಿಂದ ಅದು ಸುತ್ತಲಿನ ನೀರುಗಳಿಗೆಲ್ಲ ಹರಡಿತು.

ನದಿ ಏಕೆ ಇಷ್ಟು ನಿಧಾನ?

ಗ್ರೇಟ್ ಊಜ್ ಸುಮಾರು 230 ಕಿಲೋಮೀಟರ್ ಉದ್ದದ ನದಿ. ಮಧ್ಯ ಇಂಗ್ಲೆಂಡಿನ ನಾರ್ಥ್ಯಾಂಪ್ಟನ್‌ಶೈರ್ ಬಳಿ ಹುಟ್ಟಿ, ಬಕಿಂಗ್‌ಹ್ಯಾಮ್, ಬೆಡ್‌ಫರ್ಡ್, ಹಂಟಿಂಗ್ಡನ್, ಈಲಿ ಊರುಗಳನ್ನು ಹಾದು, ಕಿಂಗ್ಸ್ ಲಿನ್ ಬಳಿ ಸಮುದ್ರ ಸೇರುತ್ತದೆ. ಅದರ ಕೆಳಭಾಗ ಹರಿಯುವುದು ಫೆನ್ಸ್ ಎಂಬ ಹಳೆಯ ಜೌಗು ಪ್ರದೇಶದಲ್ಲಿ. 17ನೆಯ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮಾಯ್ಡನ್ ಅವರ ಯೋಜನೆಯಂತೆ ಇಲ್ಲಿ ನೇರ ಕಾಲುವೆಗಳನ್ನು ತೋಡಿ, ಜೌಗಿನ ನೀರನ್ನು ಬಸಿದು, ನೆಲವನ್ನು ಬೇಸಾಯಕ್ಕೆ ತರಲಾಯಿತು. ಸಮುದ್ರದ ಉಬ್ಬರ ಒಳಗೆ ನುಗ್ಗದಂತೆ 1651ರಲ್ಲಿ ಡೆನ್ವರ್ ಎಂಬಲ್ಲಿ ತೂಬು ಕಟ್ಟಲಾಯಿತು. ಅದು 1713ರಲ್ಲಿ ಒಡೆದು ಹೋಯಿತು, ನಂತರ ಮತ್ತೆ ಕಟ್ಟಿದರು. ಈಗ ನೋಡುವ ಹಳೆಯ ಕಲ್ಲಿನ ತೂಬು 1834ರದ್ದು.

ನೀರು ಬಸಿದ ಮೇಲೆ ಯಾರೂ ನಿರೀಕ್ಷಿಸದ ಪರಿಣಾಮವೊಂದು ಕಾಣಿಸಿತು. ಫೆನ್ಸ್‌ನ ಕರಿ ಮಣ್ಣು ಕೊಳೆತ ಗಿಡಗಂಟಿಗಳಿಂದಾದ ಪೀಟ್ ಮಣ್ಣು. ಒಣಗಿದಾಗ ಅದು ಕುಗ್ಗುತ್ತದೆ, ಗಾಳಿ ತಗುಲಿ ಕ್ಷಯಿಸುತ್ತದೆ. ಪೀಟರ್‌ಬರೋ ಹತ್ತಿರದ ಹೋಮ್ ಫೆನ್‌ನಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ನೆಲಮಟ್ಟಕ್ಕೆ ಸರಿಯಾಗಿ ಹೂತ ಕಂಬವೊಂದು ಇಂದು ಸುಮಾರು ನಾಲ್ಕು ಮೀಟರ್ ಹೊರಗೆ ನಿಂತಿದೆ. ಕಂಬ ಮೇಲೇರಲಿಲ್ಲ, ನೆಲ ಅಷ್ಟು ಇಳಿಯಿತು. ಹೀಗಾಗಿ ಈಲಿಯಿಂದ ಕೆಳಗೆ ನದಿ ಎರಡು ಎತ್ತರದ ಏರಿಗಳ ನಡುವೆ, ಅಕ್ಕಪಕ್ಕದ ಹೊಲಗಳಿಗಿಂತ ಮೇಲ್ಮಟ್ಟದಲ್ಲಿ ಹರಿಯುತ್ತದೆ. ಹೊಲದ ನೀರನ್ನು ಪಂಪುಗಳಿಂದ ಮೇಲೆತ್ತಿ ನದಿಗೆ ಸುರಿಯಬೇಕಾಗುತ್ತದೆ.

ಈಲಿಯಿಂದ ಡೆನ್ವರ್‌ವರೆಗಿನ ಸುಮಾರು 25 ಕಿಲೋಮೀಟರ್ ಉದ್ದಕ್ಕೂ ನಡುವೆ ಇನ್ನೊಂದು ಅಡ್ಡಗಟ್ಟೆ ಇಲ್ಲ, ಇಳಿಜಾರೂ ಇಲ್ಲವೆನ್ನುವಷ್ಟು ಕಡಿಮೆ. ಹೆಸರಿಗೆ ನದಿಯಾದರೂ ಈ ಭಾಗದ ವರ್ತನೆಯನ್ನು ಅರಿಯಲು ನಮ್ಮೂರಿನ ಕೆರೆಯನ್ನು ನೆನೆಯುವುದು ಒಳ್ಳೆಯದು: ಏರಿಯ ಹಿಂದೆ ನೀರು ನಿಂತಿದೆ, ತೂಬು ಎತ್ತಿದಾಗ ಇಡೀ ನೀರು ಮೆಲ್ಲಗೆ ಒಂದು ಕಡೆಗೆ ಸರಿಯುತ್ತದೆ, ತೂಬು ಮುಚ್ಚಿದರೆ ನಿಲ್ಲುತ್ತದೆ. ವ್ಯತ್ಯಾಸ ಇಷ್ಟೇ, ಡೆನ್ವರ್‌ನ ತೂಬನ್ನು ಬೇಕೆಂದಾಗ ಎತ್ತಲಾಗುವುದಿಲ್ಲ. ಅದರ ಆಚೆಗಿನ ನದಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ ಏರುತ್ತದೆ; ಉಬ್ಬರ ಇಳಿದು ಆಚೆಯ ಮಟ್ಟ ಈಚೆಯದಕ್ಕಿಂತ ಕೆಳಗೆ ಹೋದಾಗ ಮಾತ್ರ ನೀರು ತಾನಾಗಿ ಹೊರಗೆ ಹರಿಯಬಲ್ಲದು. ಆದ್ದರಿಂದ ಮಳೆಯ ನಂತರದ ದಿನಗಳಲ್ಲಿ ಈಲಿಯ ನೀರು ಕೆಲವು ಗಂಟೆ ಹರಿದು ಕೆಲವು ಗಂಟೆ ನಿಲ್ಲುತ್ತದೆ. ಒಣ ಬೇಸಿಗೆಯಲ್ಲಿ ಬಹುತೇಕ ನಿಂತೇ ಇರುತ್ತದೆ.

ಆಳವೂ ನಿಧಾನಕ್ಕೆ ಕಾರಣ. ಸೆಕೆಂಡಿಗೆ 12 ಘನ ಮೀಟರ್ ನೀರು ಬರುತ್ತಿದೆ ಎಂದಿಟ್ಟುಕೊಳ್ಳೋಣ. ಪಾತ್ರ 30 ಮೀಟರ್ ಅಗಲ, ನಾಲ್ಕು ಮೀಟರ್ ಆಳವಿದ್ದರೆ ಆ ನೀರು ಸೆಕೆಂಡಿಗೆ 10 ಸೆಂಟಿಮೀಟರ್ ಸರಿದರೆ ಸಾಕು. ಅದೇ ನೀರು 10 ಮೀಟರ್ ಅಗಲದ, 60 ಸೆಂಟಿಮೀಟರ್ ಆಳದ ತೊರೆಯಲ್ಲಿ ಹೋಗಬೇಕಾದರೆ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಧುಮುಕಬೇಕು. ಮೇಲ್ಮೈಗಿಂತ ತಳದಲ್ಲಿ, ನಡುವಿಗಿಂತ ಅಂಚಿನಲ್ಲಿ ವೇಗ ಇನ್ನೂ ಕಡಿಮೆ, ಏಕೆಂದರೆ ಮಣ್ಣು ನೀರನ್ನು ತಡೆಯುತ್ತದೆ.

ಮೀನು ಎಲ್ಲಿರುತ್ತದೆ?

ರಭಸದ ನದಿಯಲ್ಲಿ ಮೀನನ್ನು ಹುಡುಕುವುದಕ್ಕೆ ಕಣ್ಣಿಗೆ ಕಾಣುವ ಗುರುತುಗಳಿವೆ: ಬಂಡೆಯ ಹಿಂಬದಿ, ಸುಳಿ, ಮಡು. ಗ್ರೇಟ್ ಊಜ್‌ನ ಕೆಳಭಾಗದಲ್ಲಿ ಅಂಥ ಯಾವ ಗುರುತೂ ಇಲ್ಲ. ನೇರವಾದ ಏರಿ, ಸಮತಟ್ಟಾದ ನೀರು, ಮೈಲಿಗಟ್ಟಲೆ ಒಂದೇ ನೋಟ. ಹೊಸಬರು ಕಂಗೆಡುವುದು ಇಲ್ಲಿಯೇ. ಆದರೆ ಮೇಲೆ ಒಂದೇ ಬಗೆಯಾಗಿ ಕಾಣುವ ನದಿ ಕೆಳಗೆ ಹಾಗಿಲ್ಲ.

ಮೊದಲು ಬೆಳಕಿನ ಮಾತು. ಹೂಳು ಮತ್ತು ಸೂಕ್ಷ್ಮ ಪಾಚಿಯಿಂದ ಮಬ್ಬಾದ ನೀರಿನಲ್ಲಿ ಬಿಸಿಲು ಬಹಳ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಜೊಂಡು, ಹಳದಿ ನೈದಿಲೆ ಮುಂತಾದ ಗಿಡಗಳು ಅಂಚಿನ ಆಳವಿಲ್ಲದ ನೀರಿನಲ್ಲಷ್ಟೇ ಬೇರೂರುತ್ತವೆ. ಬೇಸಿಗೆಯಲ್ಲಿ ಮೀನುಮರಿಗಳು, ಚಿಕ್ಕ ರೋಚ್, ಅವನ್ನು ಹಿಂಬಾಲಿಸುವ ಪರ್ಚ್ ಈ ಅಂಚಿನಲ್ಲಿ ಇರುತ್ತವೆ. ನಡುವಿನ ಕತ್ತಲ ತಳದಲ್ಲಿ ಗಿಡಗಳಿಲ್ಲ, ಹೂಳಿದೆ. ಆ ಹೂಳಿನಲ್ಲಿ ಕಪ್ಪೆಚಿಪ್ಪಿನ ಜೀವಿಗಳು ಮತ್ತು ಕೆಂಪು ಹುಳುಗಳು ತುಂಬಿರುತ್ತವೆ. ಈ ಕೆಂಪು ಹುಳುಗಳು ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ ನೊಣವೊಂದರ ಮರಿಗಳು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳ ಮೈಯಲ್ಲೂ ಇರುವುದರಿಂದ, ಆಮ್ಲಜನಕ ತೀರ ಕಡಿಮೆಯಿರುವ ಕೆಸರಿನಲ್ಲೂ ಬದುಕುತ್ತವೆ. ಇದೇ ಬ್ರೀಮ್‌ನ ಊಟ. ಬ್ರೀಮ್ ತಲೆ ತಗ್ಗಿಸಿ, ಬಾಯನ್ನು ಕೊಳವೆಯಾಗಿ ಮುಂದಕ್ಕೆ ಚಾಚಿ, ಕೆಸರಿನ ಸಮೇತ ಹುಳುಗಳನ್ನು ಒಳಗೆಳೆದುಕೊಂಡು, ಕಿವಿರುಗಳ ಜರಡಿಯಲ್ಲಿ ಸೋಸಿ ಮಣ್ಣನ್ನು ಹೊರಗೆ ಬಿಡುತ್ತದೆ. ಗುಂಪೊಂದು ಮೇಯುತ್ತಿರುವಾಗ ಸಣ್ಣ ಗುಳ್ಳೆಗಳು ಮೇಲೇರುವುದನ್ನು ಮುಂಜಾನೆಯ ನಿಶ್ಚಲ ನೀರಿನಲ್ಲಿ ಕಾಣಬಹುದು.

ಎರಡನೆಯದು ತಳದ ಆಕಾರ. ದಡದಿಂದ ಒಂದೆರಡು ಮೀಟರ್ ದೂರದವರೆಗೆ ನೀರು ಎದೆಮಟ್ಟಕ್ಕಿಂತ ಕಡಿಮೆ ಇರಬಹುದು. ಅಲ್ಲಿಂದ ತಳ ಥಟ್ಟನೆ ಜಾರಿ, ದೋಣಿಗಳು ಸಾಗುವ ನಡುಪಾತ್ರಕ್ಕೆ ಇಳಿಯುತ್ತದೆ. ಇಳಿಜಾರು ಮುಗಿದು ತಳ ಮಟ್ಟಸವಾಗುವ ಆ ಗೆರೆಯಲ್ಲಿ ಮೇಲಿನಿಂದ ಉರುಳಿದ ಆಹಾರವೆಲ್ಲ ಸೇರುತ್ತದೆ. ಉದ್ದಕ್ಕೂ ಹರಡಿರುವ ಈ ಗೆರೆಯೇ ಮೀನುಗಳ ಓಡಾಟದ ದಾರಿ. ಗಾಳದವರು ಹುಡುಕಬೇಕಾದದ್ದು ಇದನ್ನು.

ಮೂರನೆಯದು ಹೊತ್ತು. ತಣ್ಣನೆಯ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಕರಗಬಲ್ಲದಾದರೆ, 25 ಡಿಗ್ರಿಯಲ್ಲಿ ಸುಮಾರು 8 ಮಿಲಿಗ್ರಾಂ ಮಾತ್ರ. ಬಿಸಿ ಹೆಚ್ಚಾದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ನೀರಿನಲ್ಲಿ ಇರುವುದು ಮಾತ್ರ ಕಡಿಮೆ. ನಿಂತ ನೀರಿನ ಬೇಸಿಗೆಯ ನಡುಹಗಲಿನಲ್ಲಿ ಬ್ರೀಮ್ ಮೇಯದಿರುವುದಕ್ಕೆ ಇದು ಒಂದು ಕಾರಣ, ಬೆಳಕು ಇನ್ನೊಂದು. ನಸುಕು, ಮುಸ್ಸಂಜೆ ಮತ್ತು ರಾತ್ರಿಯಲ್ಲಿ ಅದು ಚುರುಕಾಗುತ್ತದೆ. ಡೆನ್ವರ್‌ನ ತೂಬು ತೆರೆದು ನೀರು ಅಲುಗಾಡತೊಡಗಿದಾಗಲೂ ಮೀನು ಮೇಯಲು ಹೊರಡುವುದುಂಟು. ನೀರು ಸರಿದಾಗ ತಳದ ಆಹಾರ ಕದಲುತ್ತದೆ, ವಾಸನೆ ಒಂದು ದಿಕ್ಕಿಗೆ ಹರಿಯುತ್ತದೆ, ಮೀನು ಆ ಜಾಡು ಹಿಡಿದು ಹರಿವಿಗೆ ಎದುರಾಗಿ ಬರುತ್ತದೆ. ಒಂದು ಗಂಟೆ ಏನೂ ಸಿಗದ ಜಾಗದಲ್ಲಿ ಇದ್ದಕ್ಕಿದ್ದಂತೆ ಸಾಲುಸಾಲಾಗಿ ಮೀನು ಸಿಕ್ಕರೆ, ನೀರಿನ ಮೇಲೆ ತೇಲುವ ಎಲೆಯನ್ನು ಗಮನಿಸಿ, ಅದು ಚಲಿಸತೊಡಗಿರುತ್ತದೆ.

ಆಳ ಅಳೆಯುವುದು

ದುಬಾರಿ ಕೋಲಿಗಿಂತ ಹೊಸಬರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ತೂಗುಗುಂಡು ಎಂದೇ ನನ್ನ ಎಣಿಕೆ. ಇದು ಕೊಕ್ಕೆಗೆ ಸಿಕ್ಕಿಸುವ ಭಾರದ ಸಣ್ಣ ಗುಂಡು. ದಾರದ ಮೇಲೆ ಬೆಂಡನ್ನು, ಎಂದರೆ ತೇಲುವ ಸೂಚಕವನ್ನು, ಒಂದು ಅಂದಾಜಿನ ಎತ್ತರಕ್ಕೆ ಸರಿಸಿ, ಗುಂಡನ್ನು ನೀರಿಗೆ ಇಳಿಬಿಡಬೇಕು. ಬೆಂಡು ನೀರಿನಡಿ ಮುಳುಗಿ ಹೋದರೆ ದಾರ ಆಳಕ್ಕೆ ಸಾಲದು. ಬೆಂಡು ಮೇಲೆ ಅಡ್ಡ ಮಲಗಿದರೆ ದಾರ ಹೆಚ್ಚಾಗಿದೆ. ತುದಿ ಮಾತ್ರ ಹೊರಗೆ ಕಾಣುವಂತೆ ನೆಟ್ಟಗೆ ನಿಂತರೆ ಕೊಕ್ಕೆಯಿಂದ ಬೆಂಡಿನವರೆಗಿನ ದಾರವೇ ಅಲ್ಲಿನ ಆಳ. ಹೀಗೆ ದಡದಿಂದ ಒಂದೊಂದು ಮೀಟರ್ ಮುಂದಕ್ಕೆ, ನಂತರ ಎಡಕ್ಕೆ, ಬಲಕ್ಕೆ ಅಳೆಯುತ್ತ ಹೋದರೆ ಇಳಿಜಾರು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬ ಚಿತ್ರ ಹತ್ತು ನಿಮಿಷದಲ್ಲಿ ಸಿಗುತ್ತದೆ. ಮೇಲೆ ಬಂದ ಗುಂಡಿನ ಬುಡವನ್ನೂ ನೋಡಬೇಕು. ಅದಕ್ಕೆ ಕರಿ ಕೆಸರು, ಜೊಂಡಿನ ನಾರು ಅಥವಾ ಮರಳು ಅಂಟಿರುತ್ತದೆ. ತಳ ಎಂಥದ್ದೆಂದು ಅದೇ ಹೇಳುತ್ತದೆ.

ನದಿಯ ನಡುವಿಗೆ ಎಸೆಯುವವರು ಬೇರೆ ಉಪಾಯ ಬಳಸುತ್ತಾರೆ. ಭಾರ ನೀರಿಗೆ ಬಿದ್ದ ಕ್ಷಣದಿಂದ ದಾರ ಸಡಿಲವಾಗುವವರೆಗೆ ಮನಸ್ಸಿನಲ್ಲೇ ಎಣಿಸುತ್ತಾರೆ. ಎಣಿಕೆ ಹೆಚ್ಚಾದಲ್ಲಿ ಆಳ ಹೆಚ್ಚು. ಗಟ್ಟಿ ತಳ ತಾಗಿದರೆ ಕೋಲಿನ ತುದಿಯಲ್ಲಿ ಸಣ್ಣ ಕುಟುಕು ಕೈಗೆ ಗೊತ್ತಾಗುತ್ತದೆ, ಹೂಳಿನಲ್ಲಿ ಹುದುಗಿದರೆ ಅದು ಇರುವುದಿಲ್ಲ.

ಎರೆಯನ್ನು ತಳಕ್ಕೆ ಮುಟ್ಟಿಸುವುದು

ಆಳ ಗೊತ್ತಾದ ಮೇಲೆ ಎದುರಾಗುವ ಪ್ರಶ್ನೆ, ಎರೆ ಮತ್ತು ಮೇವು ಎರಡನ್ನೂ ಒಂದೇ ಜಾಗಕ್ಕೆ ತಲುಪಿಸುವುದು ಹೇಗೆ ಎಂಬುದು. ಕೊಕ್ಕೆಗೆ ಸಿಕ್ಕಿಸುವುದು ಎರೆ. ಮೀನನ್ನು ಜಾಗಕ್ಕೆ ಸೆಳೆದು ಅಲ್ಲೇ ನಿಲ್ಲಿಸಲು ನೀರಿಗೆ ಹಾಕುವುದು ಮೇವು. ಎರೆಯಾಗಿ ಎರೆಹುಳು, ಮ್ಯಾಗಟ್ ಎಂಬ ನೊಣದ ಮರಿಹುಳು, ಸಿಹಿ ಜೋಳ, ಬ್ರೆಡ್ಡಿನ ತುಣುಕು ಬಳಕೆಯಲ್ಲಿವೆ. ಮೇವಾಗಿ ಬ್ರೆಡ್ ಪುಡಿಯ ಮಿಶ್ರಣವನ್ನು ನೀರಿನಲ್ಲಿ ಕಲಸಿ ಬಳಸುತ್ತಾರೆ.

ಒಂದು ಹಿಡಿ ಮ್ಯಾಗಟ್‌ಗಳನ್ನು ನೀರಿಗೆ ಎರಚಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಅವು ಸೆಕೆಂಡಿಗೆ 10 ಸೆಂಟಿಮೀಟರ್‌ನಂತೆ ಮುಳುಗುತ್ತವೆ ಎಂದುಕೊಂಡರೆ ನಾಲ್ಕು ಮೀಟರ್ ತಳ ಸೇರಲು 40 ಸೆಕೆಂಡು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 10 ಸೆಂಟಿಮೀಟರ್ ಹರಿವು ಅವನ್ನು ತನ್ನ ದಿಕ್ಕಿಗೆ ನಾಲ್ಕು ಮೀಟರ್ ದೂರ ಒಯ್ದಿರುತ್ತದೆ. ಎದುರಿಗೆ ಎರಚಿದವರ ಕೊಕ್ಕೆ ಎದುರಿಗೇ ಇದ್ದರೆ, ಮೇವು ಒಂದು ಕಡೆ, ಎರೆ ಇನ್ನೊಂದು ಕಡೆ. ಅದಕ್ಕಾಗಿ ಒಂದೋ ಹರಿವಿನ ಮೇಲುಗಡೆಗೆ ಎರಚಬೇಕು, ಇಲ್ಲವೇ ಮೇವನ್ನು ಬೇಗ ಮುಳುಗುವ ಉಂಡೆಯಾಗಿ ಕಟ್ಟಬೇಕು, ಇಲ್ಲವೇ ಫೀಡರ್ ಬಳಸಬೇಕು.

ಫೀಡರ್ ಎಂದರೆ ಭಾರ ಕಟ್ಟಿದ ಒಂದು ಪುಟ್ಟ ಜಾಲರಿ ಪಂಜರ. ಅದರೊಳಗೆ ಕಲಸಿದ ಮೇವನ್ನು ಒತ್ತಿ ತುಂಬಿ, ಕೊಕ್ಕೆಯ ಸಮೇತ ಎಸೆಯುತ್ತಾರೆ. ಅದು ನೇರ ತಳಕ್ಕಿಳಿದು, ಅಲ್ಲಿ ನೆನೆದು, ಬಿಚ್ಚಿಕೊಂಡು, ಕೊಕ್ಕೆಯ ಹತ್ತಿರವೇ ಮೇವನ್ನು ಹರಡುತ್ತದೆ. ಪ್ರತಿ ಸಲವೂ ಒಂದೇ ದೂರಕ್ಕೆ ಬೀಳುವಂತೆ ರೀಲಿನ ಅಂಚಿನಲ್ಲಿರುವ ಕ್ಲಿಪ್ಪಿಗೆ ದಾರವನ್ನು ಸಿಕ್ಕಿಸುತ್ತಾರೆ, ಆಚೆ ದಡದ ಮರವನ್ನೋ ಕಂಬವನ್ನೋ ಗುರಿಯಾಗಿಟ್ಟುಕೊಳ್ಳುತ್ತಾರೆ. ಬ್ರೀಮ್ ಗುಂಪಾಗಿ ಅಲೆಯುವ ಮೀನು. ತಳದಲ್ಲಿ ಮೇವಿನ ಹಾಸು ಸಿಕ್ಕರೆ ನಿಲ್ಲುತ್ತದೆ, ಮುಗಿದರೆ ಮುಂದೆ ಹೋಗುತ್ತದೆ. ಹತ್ತು ಕಡೆ ಚೆಲ್ಲಾಪಿಲ್ಲಿಯಾಗಿ ಎಸೆದ ಮೇವಿಗಿಂತ ಒಂದೇ ಕಡೆ ರಾಶಿಬಿದ್ದ ಮೇವು ಬೆಲೆಬಾಳುವುದು ಇದಕ್ಕೇ.

ರೋಚ್ ಹಿಡಿಯುವವರಿಗೆ ಬೆಂಡೇ ಇಷ್ಟ. ನದಿಯ ಆಳ ನಾಲ್ಕು ಮೀಟರ್ ದಾಟಿದರೆ ಅವರಿಗೊಂದು ತೊಡಕು ಬರುತ್ತದೆ: ರೂಢಿಯಲ್ಲಿರುವ ಕೋಲಿನ ಉದ್ದವೂ ಸುಮಾರು ನಾಲ್ಕು ಮೀಟರ್. ಬೆಂಡಿನಿಂದ ಕೊಕ್ಕೆಯವರೆಗೆ ಕೋಲಿಗಿಂತ ಉದ್ದದ ದಾರ ಇಳಿಬಿದ್ದರೆ ಎಸೆಯುವುದೂ ಕಷ್ಟ, ಮೀನನ್ನು ಬಲೆಯವರೆಗೆ ತರುವುದೂ ಕಷ್ಟ. ಇದಕ್ಕೆ ಪರಿಹಾರ ಜಾರುಬೆಂಡು. ಬೆಂಡನ್ನು ದಾರದ ಮೇಲೆ ಸಡಿಲವಾಗಿ ಜಾರುವಂತೆ ಬಿಟ್ಟು, ಬೇಕಾದ ಆಳಕ್ಕೆ ಸರಿಯಾಗಿ ದಾರದ ಮೇಲೊಂದು ಸಣ್ಣ ಗಂಟು ಕಟ್ಟುತ್ತಾರೆ. ಎಸೆಯುವಾಗ ಬೆಂಡು ಕೆಳಗೆ ಭಾರದ ಹತ್ತಿರ ಇರುತ್ತದೆ. ನೀರಿಗೆ ಬಿದ್ದ ಮೇಲೆ ದಾರ ಅದರ ಮೂಲಕ ಜಾರುತ್ತ ಹೋಗಿ, ಗಂಟು ತಡೆದಲ್ಲಿ ನಿಲ್ಲುತ್ತದೆ. ರೀಲಿಲ್ಲದೆ, ಒಂದಕ್ಕೊಂದು ಜೋಡಿಸಿ 16 ಮೀಟರ್‌ವರೆಗೂ ಉದ್ದ ಮಾಡಬಹುದಾದ ಪೋಲ್ ಎಂಬ ಕೋಲೂ ಇದೆ. ಅದರಿಂದ ಎರೆಯನ್ನು ಬೇಕಾದ ಬಿಂದುವಿನ ಮೇಲೇ ಇಳಿಸಿ ಹಿಡಿಯಬಹುದು.

ಭಾರಕ್ಕೆ ಸೀಸ ಬಳಸುವ ಅಭ್ಯಾಸ ನಮ್ಮಲ್ಲಿದೆ. ಇಂಗ್ಲೆಂಡಿನಲ್ಲಿ 1987ರಿಂದ 0.06 ಗ್ರಾಂ ಮತ್ತು 28.35 ಗ್ರಾಂ ನಡುವಿನ ಸೀಸದ ಗುಂಡುಗಳ ಮಾರಾಟ ನಿಷಿದ್ಧ. ನದಿಯ ಹಂಸಗಳು ಕಲ್ಲಿನ ಹರಳೆಂದು ಅವನ್ನು ನುಂಗಿ, ಸೀಸದ ವಿಷವೇರಿ ಸಾಯುತ್ತಿದ್ದವು. ಊರಿನಿಂದ ಪೆಟ್ಟಿಗೆಯಲ್ಲಿ ತಂದ ಗುಂಡುಗಳನ್ನು ಬಳಸುವುದು ಬೇಡ.

ಮೀನು ಕಚ್ಚಿದ್ದು ತಿಳಿಯುವುದು ಹೇಗೆ?

ಬೆಂಡು ಮುಳುಗಿದರೆ ಮೀನು ಕಚ್ಚಿತು ಎಂಬುದು ಎಲ್ಲರಿಗೂ ಗೊತ್ತು. ಬ್ರೀಮ್ ಕಚ್ಚಿದಾಗ ಬೆಂಡು ಮೇಲೆ ಏಳುವುದುಂಟು. ತಲೆ ತಗ್ಗಿಸಿ ಎರೆಯನ್ನು ಬಾಯಿಗೆ ತೆಗೆದುಕೊಂಡ ಬ್ರೀಮ್ ಮೈ ನೇರ ಮಾಡಿದಾಗ, ತಳದ ಮೇಲಿದ್ದ ಗುಂಡು ಅದರೊಂದಿಗೆ ಮೇಲೇರುತ್ತದೆ. ಅದರ ಭಾರ ಕಳೆದುಕೊಂಡ ಬೆಂಡು ನೀರಿನಿಂದ ಎದ್ದು ಅಡ್ಡ ಮಲಗುತ್ತದೆ. ಫೀಡರ್ ಬಳಸುವವರು ಕೋಲಿನ ಸೂಕ್ಷ್ಮ ತುದಿಯನ್ನು ನೋಡುತ್ತ ಕೂರುತ್ತಾರೆ. ಇಲ್ಲಿ ಒಂದು ಮೋಸವಿದೆ: ಗುಂಪಿನಲ್ಲಿ ಸುಳಿದಾಡುವ ಬ್ರೀಮ್‌ನ ಅಗಲವಾದ ಮೈ ದಾರಕ್ಕೆ ಉಜ್ಜಿದರೂ ತುದಿ ಜಗ್ಗಿ ಬಿಡುತ್ತದೆ. ಅದಕ್ಕೆ ಕೋಲೆತ್ತಿದರೆ ಕೊಕ್ಕೆ ಬರಿದಾಗಿರುತ್ತದೆ, ಗುಂಪು ಬೆದರುತ್ತದೆ. ನಿಜವಾಗಿ ಕಚ್ಚಿದಾಗ ತುದಿ ನಿಧಾನವಾಗಿ ಬಾಗಿ ಹಾಗೆಯೇ ನಿಲ್ಲುತ್ತದೆ, ಅಥವಾ ಮೀನು ಫೀಡರನ್ನು ಎತ್ತಿಕೊಂಡು ದಡದ ಕಡೆ ಬಂದರೆ ದಾರ ಸಡಿಲವಾಗಿ ತುದಿ ನೇರವಾಗುತ್ತದೆ.

ಏನೂ ಸಿಗದಿದ್ದಾಗ ಮೇಲೆ ಬಂದ ಎರೆಯನ್ನು ಹತ್ತಿರದಿಂದ ನೋಡಬೇಕು. ಗೆಂಡೆ ಕುಟುಂಬದ ಮೀನುಗಳಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ರೋಚ್ ಮ್ಯಾಗಟನ್ನು ಅಲ್ಲಿಟ್ಟು ಜಜ್ಜಿ ಉಗಿದಿದ್ದರೆ, ಕೊಕ್ಕೆಯ ಮೇಲೆ ಉಳಿಯುವುದು ರಸ ಹೀರಿದ ಚಪ್ಪಟೆ ಸಿಪ್ಪೆ ಮಾತ್ರ. ಕಚ್ಚಿದ್ದು ತಿಳಿಯದೇ ಹೋಯಿತೆಂದು ಅದರ ಅರ್ಥ. ಇನ್ನಷ್ಟು ಸಣ್ಣ ಬೆಂಡು, ಸಣ್ಣ ಕೊಕ್ಕೆ ಬೇಕು. ದಾರದ ತುದಿಗೆ ಬೆರಳಿಗೆ ಜಾರುವ ಲೋಳೆ ಅಂಟಿದ್ದರೆ ಬ್ರೀಮ್ ಹತ್ತಿರದಲ್ಲೇ ಇವೆ.

ಚಳಿಗಾಲದ ನದಿ

ನವೆಂಬರ್ ಕಳೆದ ಮೇಲೆ ಲೆಕ್ಕಾಚಾರ ಬದಲಾಗುತ್ತದೆ. ಅಂಚಿನ ಗಿಡಗಳು ಸತ್ತು ಮರೆ ಇಲ್ಲವಾಗುತ್ತದೆ, ಮಳೆಗೆ ಹರಿವು ಹೆಚ್ಚುತ್ತದೆ, ನೀರುಕಾಗೆಗಳು ಬೇಟೆಗಿಳಿಯುತ್ತವೆ. ಆಗ ರೋಚ್ ದೊಡ್ಡ ದೊಡ್ಡ ಗುಂಪುಗಳಾಗಿ ದೋಣಿ ಕಟ್ಟುವ ತಂಗುದಾಣಗಳು, ಸೇತುವೆಗಳ ಅಡಿ, ಊರಿನ ನಡುವಿನ ನೀರು ಮೊದಲಾದ ಆಶ್ರಯಗಳಲ್ಲಿ ಸೇರುತ್ತದೆ. ಮೈಲಿಗಟ್ಟಲೆ ನದಿ ಬರಿದಾಗಿ, ಒಂದೆರಡು ಕಡೆ ಮಾತ್ರ ಮೀನು ಕಿಕ್ಕಿರಿದಿರುತ್ತದೆ. ಪೈಕ್ ಕೂಡ ಅಲ್ಲಿಗೇ ಬರುತ್ತದೆ.

ಪೈಕ್ ಹಿಡಿಯುವುದನ್ನು ಹೊಸಬರು ಒಬ್ಬರೇ ಪ್ರಯತ್ನಿಸಬಾರದು. ಅದರ ಹಲ್ಲುಗಳು ನೈಲಾನ್ ದಾರವನ್ನು ಕ್ಷಣದಲ್ಲಿ ಕತ್ತರಿಸುವುದರಿಂದ ಕೊಕ್ಕೆಯ ಮುಂದೆ ಲೋಹದ ತಂತಿ ಇರಲೇಬೇಕು, ಇಲ್ಲವಾದರೆ ಮೀನು ಗಂಟಲಲ್ಲಿ ಕೊಕ್ಕೆ ಹೊತ್ತು ಸಾಯುತ್ತದೆ. ಉದ್ದನೆಯ ಇಕ್ಕುಳ, ದೊಡ್ಡ ಬಲೆ, ನೆಲಕ್ಕೆ ಹಾಸುವ ಮೆತ್ತೆ ಮತ್ತು ಅನುಭವಿಯೊಬ್ಬರು ಜೊತೆಗಿರಬೇಕು. ಇಷ್ಟು ದೊಡ್ಡ ಬೇಟೆಗಾರ ಮೀನು ಕೈಯಲ್ಲಿ ಇಷ್ಟು ಬೇಗ ಸೋಲುವುದನ್ನು ಕಂಡವರಿಗೆ ಈ ಎಚ್ಚರಿಕೆ ಅತಿಯೆನಿಸದು.

ಕಾನೂನು ಏನು ಹೇಳುತ್ತದೆ?

ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಯಾರೇ ಸಿಹಿನೀರಿಗೆ ಗಾಳ ಹಾಕಬೇಕಾದರೂ ಎನ್ವಿರಾನ್‌ಮೆಂಟ್ ಏಜೆನ್ಸಿಯ ಪರವಾನಗಿ ಬೇಕು. 13ರಿಂದ 16 ವರ್ಷದವರಿಗೆ ಅದು ಉಚಿತ, ಆದರೂ ಪಡೆದುಕೊಳ್ಳಲೇಬೇಕು. ಒಂದು ದಿನ, ಎಂಟು ದಿನ ಮತ್ತು 12 ತಿಂಗಳ ಪರವಾನಗಿಗಳನ್ನು ಸರ್ಕಾರಿ ಜಾಲತಾಣದಲ್ಲಿ ಕೊಳ್ಳಬಹುದು. ಪರವಾನಗಿ ಇಲ್ಲದೆ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ ವಿಧಿಸಬಹುದು. ನೀರಿಗೆ ಎಸೆದ ಗಾಳವನ್ನು ಬಿಟ್ಟು ದೂರ ಹೋಗುವುದೂ ತಪ್ಪು.

ಪರವಾನಗಿಯೊಂದೇ ಸಾಲದು ಎಂಬುದನ್ನು ಹಲವರು ಗಮನಿಸುವುದಿಲ್ಲ. ದಡದಲ್ಲಿ ಗಾಳ ಹಾಕುವ ಹಕ್ಕು ಭೂಮಾಲೀಕರದ್ದು ಅಥವಾ ಅದನ್ನು ಗುತ್ತಿಗೆ ಪಡೆದ ಗಾಳದ ಕ್ಲಬ್ಬಿನದ್ದು. ಅವರಿಂದ ಸದಸ್ಯತ್ವವನ್ನೋ ದಿನದ ಚೀಟಿಯನ್ನೋ ಪಡೆಯಬೇಕು. ನಮ್ಮಲ್ಲಿ ಕೆರೆಯ ಮೀನಿನ ಹಕ್ಕನ್ನು ಹರಾಜಿನಲ್ಲಿ ಪಡೆದವರಿಗೆ ಆ ಮೀನಿನ ಮೇಲೆ ಅಧಿಕಾರವಿರುವುದನ್ನು ಬಲ್ಲವರಿಗೆ ಇದು ಹೊಸದಲ್ಲ.

ಮಾರ್ಚ್ 15ರಿಂದ ಜೂನ್ 15ರವರೆಗಿನ ನಿಷೇಧದ ಬೇರು 1878ರ ಕಾಯ್ದೆಯಲ್ಲಿದೆ. ವಸಂತದಲ್ಲಿ ನೀರು ಬೆಚ್ಚಗಾದಾಗ ರೋಚ್, ಬ್ರೀಮ್, ಪರ್ಚ್ ಅಂಚಿನ ಗಿಡಗಳ ಮೇಲೆ ಮೊಟ್ಟೆ ಇಡುತ್ತವೆ. ಆ ಹೊತ್ತಿನಲ್ಲಿ ಅವು ಗುಂಪಾಗಿ, ಎಚ್ಚರ ತಪ್ಪಿ, ದಡಕ್ಕೆ ತೀರ ಹತ್ತಿರ ಬರುತ್ತವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳನ್ನು ಕಡಲಿಗಿಳಿಸದಿರುವುದರ ಹಿಂದೆಯೂ ಇಂಥದ್ದೇ ಕಾರಣವಿದೆ. ಇಂಗ್ಲೆಂಡಿನ ಬಹುತೇಕ ಕೆರೆಗಳಿಗೆ ಮತ್ತು ದೋಣಿ ಕಾಲುವೆಗಳಿಗೆ ಈ ನಿಷೇಧ ಈಗ ಅನ್ವಯಿಸದು, ನದಿಗೆ ಅನ್ವಯಿಸುತ್ತದೆ.

ಹಿಡಿದ ಮೀನನ್ನು ಮನೆಗೆ ಒಯ್ಯಬಹುದೇ? ಕನ್ನಡಿಗರು ಮೊದಲು ಕೇಳುವ ಪ್ರಶ್ನೆ ಇದು. ನದಿಯಿಂದ ದಿನಕ್ಕೆ 20 ಸೆಂಟಿಮೀಟರ್ ಮೀರದ, ರೋಚ್, ಬ್ರೀಮ್, ಪರ್ಚ್ ಮೊದಲಾದ ಹೆಸರಿಸಿದ ಜಾತಿಗಳ 15 ಸಣ್ಣ ಮೀನು, 65 ಸೆಂಟಿಮೀಟರ್ ಮೀರದ ಒಂದು ಪೈಕ್ ತೆಗೆಯಲು ಉಪವಿಧಿಗಳು ಅವಕಾಶ ಕೊಡುತ್ತವೆ, ಅದೂ ಹಕ್ಕಿನ ಮಾಲೀಕರು ಒಪ್ಪಿದರೆ ಮಾತ್ರ. ಬಹುತೇಕ ಕ್ಲಬ್ಬುಗಳು ಒಪ್ಪುವುದಿಲ್ಲ. ಒಪ್ಪಿಗೆಯಿಲ್ಲದೆ ಒಯ್ದರೆ ಅಪರಾಧ. ದೊಡ್ಡ ಮೀನನ್ನು ಬಿಡಿಸಿ ಸಣ್ಣದಕ್ಕೆ ಅವಕಾಶ ಕೊಟ್ಟಿರುವುದು ವಿಚಿತ್ರವೆನಿಸಬಹುದು. ಆದರೆ ಸಾವಿರಾರು ಮೊಟ್ಟೆ ಇಡುವ ಹೆಣ್ಣುಗಳು ಆ ದೊಡ್ಡವೇ. ಹಾವುಮೀನನ್ನಂತೂ ಯಾವ ಗಾತ್ರದ್ದಾದರೂ ನೀರಿಗೇ ಬಿಡಬೇಕು. ಒಂದು ಕಾಲದಲ್ಲಿ ಈಲಿಯ ಸುತ್ತಲ ಜೌಗಿನಲ್ಲಿ ಹೇರಳವಾಗಿದ್ದ ಯುರೋಪಿನ ಹಾವುಮೀನು ಇಂದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

ದಡದಲ್ಲಿ ಗಮನಿಸಬೇಕಾದವು

ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತರೆ ಸೋಂಕು ತಗಲುತ್ತದೆ. ಹಿಮ್ಮುಳ್ಳಿಲ್ಲದ ಕೊಕ್ಕೆ ಸುಲಭವಾಗಿ ಬಿಡುತ್ತದೆ. ಬಿಸಿಲ ದಿನಗಳಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಆಮ್ಲಜನಕ ಮುಗಿದಿದೆ ಎಂದರ್ಥ. ಗಾಳ ಮಡಚಿಟ್ಟು ಎನ್ವಿರಾನ್‌ಮೆಂಟ್ ಏಜೆನ್ಸಿಯ 0800 80 70 60 ಸಂಖ್ಯೆಗೆ ತಿಳಿಸಬೇಕು.

ಏರಿಯ ಅಂಚು ಕಡಿದಾಗಿದೆ, ಆಳ ಹತ್ತಿರದಲ್ಲೇ ಆರಂಭವಾಗುತ್ತದೆ; ಮಕ್ಕಳಿಗೆ ಜೀವರಕ್ಷಕ ಜಾಕೆಟ್ ತೊಡಿಸಬೇಕು. ಕಾರ್ಬನ್ ಕೋಲುಗಳು ವಿದ್ಯುತ್ತನ್ನು ಹರಿಸುತ್ತವೆ, ಫೆನ್ಸ್‌ನಲ್ಲಿ ತಂತಿಗಳು ನದಿಯನ್ನು ದಾಟುವ ಕಡೆಗಳಿವೆ. ಅವುಗಳಿಂದ ಕನಿಷ್ಠ 30 ಮೀಟರ್ ದೂರವಿರಬೇಕು. ಇಲಿಯ ಮೂತ್ರದಿಂದ ಬರುವ ಇಲಿಜ್ವರ ಅಲ್ಲಿಯೂ ಉಂಟು, ಕೈಯಲ್ಲಿ ಗಾಯವಿದ್ದರೆ ಮುಚ್ಚಬೇಕು, ತಿನ್ನುವ ಮುಂಚೆ ಕೈ ತೊಳೆಯಬೇಕು.

ಕೊನೆಯದಾಗಿ ಬಲೆಯ ವಿಷಯ. ಗ್ರೇಟ್ ಊಜ್‌ನಿಂದ ನೀರೆತ್ತಿ ತುಂಬಿಸುವ ಗ್ರಾಫಮ್ ಜಲಾಶಯದಲ್ಲಿ 2010ರಲ್ಲಿ, ಬ್ರಿಟನ್ನಿನಲ್ಲಿ ಮೊದಲ ಬಾರಿಗೆ, ಕಪ್ಪು ಸಮುದ್ರದ ಕಡೆಯ ಸಿಗಡಿಯಂಥ ಜೀವಿಯೊಂದು ಪತ್ತೆಯಾಯಿತು. ತನಗಿಂತ ಚಿಕ್ಕ ಜಲಜೀವಿಗಳನ್ನು ಹಸಿವಿಲ್ಲದಿದ್ದರೂ ಕೊಲ್ಲುವ ಇದಕ್ಕೆ ಅಲ್ಲಿನವರು ‘ಕಿಲ್ಲರ್ ಶ್ರಿಂಪ್’ ಎನ್ನುತ್ತಾರೆ. ಒಂದು ನೀರಿನಲ್ಲಿ ಬಳಸಿದ ಬಲೆ, ಬೂಟು, ಮೆತ್ತೆಗಳನ್ನು ದಡ ಬಿಡುವ ಮೊದಲು ಪರೀಕ್ಷಿಸಿ, ಮನೆಯಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ನೀರಿಗೆ ಒಯ್ಯಬೇಕು. ಬಲೆಯ ತೇವದ ಮಡಿಕೆಯಲ್ಲಿ ಆ ಜೀವಿ ಹಲವು ದಿನ ಬದುಕಿರಬಲ್ಲದು.